ಮುಕ್ತ ತಂತ್ರಾಂಶದ ಮಾಡ್ಯೂಲುಗಳ ಸ್ಥಾಪನೆ: ಐಹೊಳೆಯ ಹೆಸರಿನಿಂದ ತಿಳಿದುಬಂದ ಕೆಲವು ಸಂಗತಿಗಳು

ಶಾಸನಗಳ ಅಭ್ಯಾಸಕ್ಕೂ ಗಣಕಯಂತ್ರದ ತಂತ್ರಾಂಶಕ್ಕೂ ಎಲ್ಲಿಯ ಸಂಬಂಧವೆಂದು ವಾಚಕರಲ್ಲಿ ಕೆಲವರಾದರೂ ಕೇಳಬಹುದು. ಕೆಲಕಾಲದ ಹಿಂದೆ ನಾವೂ ಹಾಗೆಯೇ ಕೇಳುತ್ತಿದ್ದೆವು. ಆದರೆ ನವನಗರದಲ್ಲಿ ನಮ್ಮ ವಿದ್ಯಾರ್ಥಿಗಳ ಉಪಯೋಗಕ್ಕೆಂದು ನಾವೇ ಸಿದ್ಧಪಡಿಸಿದ ಒಂದು ಚಿಕ್ಕ ತಂತ್ರಾಂಶವು, ಬಾದಾಮಿಯಲ್ಲಿ ಒಂದೂ ಶಾಸನವಿಲ್ಲವೆಂಬ ಉತ್ತರವನ್ನು ಕೊಟ್ಟ ದಿನದಿಂದ ಈ ಪ್ರಶ್ನೆಯನ್ನು ಬೇರೆ ಬಗೆಯಾಗಿ ನೋಡಬೇಕಾಗಿ ಬಂದಿತು. ಬಾದಾಮಿಯ ಕೋಟೆಯ ಬಂಡೆಯ ಮೇಲೆ ಶಕವರ್ಷ ೪೬೫ರ, ಎಂದರೆ ಕ್ರಿ. ಶ. ೫೪೩ರ, ಒಂದನೆಯ ಪುಲಕೇಶಿಯ ಶಾಸನವಿದೆ. ಮೂರನೆಯ ಗುಹೆಯಲ್ಲಿ ಶಕವರ್ಷ ೫೦೦ರ, ಎಂದರೆ ಕ್ರಿ. ಶ. ೫೭೮ರ, ಮಂಗಳೇಶನ ಶಾಸನವಿದೆ. ಕೆರೆಯ ಸಮೀಪದ ಬಂಡೆಯ ಮೇಲೆ ಕಪ್ಪೆ ಅರಭಟ್ಟನ ತ್ರಿಪದಿಗಳಿವೆ. ಇವೆಲ್ಲವನ್ನೂ ನಮ್ಮ ಪಟ್ಟಿಯಲ್ಲಿ ನಾವೇ ಬರೆದಿಟ್ಟಿದ್ದೆವು. ಹಾಗಿದ್ದೂ ಯಂತ್ರವು ಸೊನ್ನೆಯೆಂದಿತು. ಅದು ಹೀಗೇಕೆ ಹೇಳಿತೆಂಬುದನ್ನು ವಿಚಾರಿಸುತ್ತ ಹೋದಂತೆ, ಮುಕ್ತ ತಂತ್ರಾಂಶದ ಮಾಡ್ಯೂಲುಗಳನ್ನು ಬೇರೆ ಬೇರೆ ಕಾರ್ಯಾಚರಣ ವ್ಯವಸ್ಥೆಗಳಲ್ಲಿ ತಪ್ಪಿಲ್ಲದೆ ಸ್ಥಾಪಿಸುವ ಸಮಸ್ಯೆಯು ನಮ್ಮ ಮುಂದೆ ಬಂದು ನಿಂತಿತು. ಅದರ ಸ್ವರೂಪವನ್ನು ತಂತ್ರಜ್ಞರಲ್ಲದ ಅಧ್ಯಾಪಕರಿಗೂ ವಿದ್ಯಾರ್ಥಿಗಳಿಗೂ ತಿಳಿಯುವಂತೆ ಬರೆಯುವುದು ಪ್ರಸ್ತುತ ಲೇಖನದ ಉದ್ದೇಶ.

ಮೊದಲು ಪದಗಳ ಅರ್ಥವನ್ನು ಗೊತ್ತುಮಾಡಿಕೊಳ್ಳುವುದು ಯುಕ್ತ. ಮಾಡ್ಯೂಲ್ ಎಂಬುದು ಒಂದು ನಿರ್ದಿಷ್ಟ ಕೆಲಸವನ್ನು ಮಾಡುವ ಪ್ರೋಗ್ರಾಮಿನ ಭಾಗ; ಅದನ್ನು ಬೇರೆ ಪ್ರೋಗ್ರಾಮುಗಳು ಎರವಲು ಪಡೆದು ಬಳಸಿಕೊಳ್ಳುತ್ತವೆ. ನಮ್ಮ ಮಾಡ್ಯೂಲು ಎರಡು ಕೆಲಸಗಳನ್ನು ಮಾಡುತ್ತದೆ. ಶಕವರ್ಷಕ್ಕೆ ೭೮ನ್ನು ಕೂಡಿಸಿ ಕ್ರಿಸ್ತಶಕದ ವರ್ಷವನ್ನು ಹೇಳುವುದು ಒಂದು. ತಿಂಗಳ ಹೆಸರು ದೊರೆತಲ್ಲಿ, ಚೈತ್ರದಿಂದ ಆರಂಭವಾಗುವ ವರ್ಷವು ಎರಡು ಕ್ರಿಸ್ತವರ್ಷಗಳನ್ನು ವ್ಯಾಪಿಸುವುದರಿಂದ ಅವುಗಳಲ್ಲಿ ಯಾವುದೆಂಬುದನ್ನೂ ಅದು ಸೂಚಿಸುತ್ತದೆ. ಊರಿನ ಹೆಸರನ್ನು ಕೊಟ್ಟರೆ ಆ ಊರಿನ ಶಾಸನಗಳನ್ನು ಪಟ್ಟಿಯಿಂದ ಆರಿಸಿ ಎಣಿಸಿಕೊಡುವುದು ಇನ್ನೊಂದು. ಪೈಥಾನ್ ಭಾಷೆಯಲ್ಲಿ ಬರೆದ ಕೆಲವು ಪುಟಗಳಷ್ಟೇ ಅದರ ಗಾತ್ರ.

ಮುಕ್ತ ತಂತ್ರಾಂಶವೆಂದರೆ ಅದರ ಆಕರಪಾಠವನ್ನು ಯಾರು ಬೇಕಾದರೂ ಓದಬಹುದು, ತಿದ್ದಬಹುದು, ಇತರರಿಗೆ ಹಂಚಬಹುದು ಎಂಬ ಪರವಾನಿಗೆಯುಳ್ಳದ್ದು. ಇಲ್ಲಿ ಒಂದು ಭ್ರಮೆಗೆ ಆಸ್ಪದವುಂಟು. ಪಾಠವು ಎಲ್ಲರಿಗೂ ದೊರೆಯುವುದರಿಂದ ಪ್ರೋಗ್ರಾಮೂ ಎಲ್ಲರ ಯಂತ್ರದಲ್ಲಿ ನಡೆಯುವುದೆಂದು ನಾವು ನಂಬಿದ್ದೆವು. ಓಲೆಗರಿಯ ಕಟ್ಟು ಕೈಗೆ ಬಂದ ಮಾತ್ರಕ್ಕೆ ಅದರ ಪಾಠವು ನಮ್ಮದಾಗದೆಂಬುದನ್ನು ಬಲ್ಲ ಇತಿಹಾಸದ ಅಧ್ಯಾಪಕರು ಇಂಥ ಭ್ರಮೆಗೆ ಒಳಗಾಗಬಾರದಾಗಿತ್ತು.

ಕಾರ್ಯಾಚರಣ ವ್ಯವಸ್ಥೆಯೆಂದರೆ ಯಂತ್ರಕ್ಕೂ ಪ್ರೋಗ್ರಾಮುಗಳಿಗೂ ನಡುವೆ ನಿಂತು, ಕಡತಗಳನ್ನು ಇಡುವ, ತೆಗೆಯುವ, ತೆರೆಗೂ ಕೀಲಿಮಣೆಗೂ ಸಂಬಂಧವನ್ನು ಏರ್ಪಡಿಸುವ ಮೂಲ ತಂತ್ರಾಂಶ. ವಿಂಡೋಸ್, ಲಿನಕ್ಸ್, ಮ್ಯಾಕ್ ಎಂಬ ಮೂರನ್ನು ನಮ್ಮ ವಿದ್ಯಾರ್ಥಿಗಳು ಬಲ್ಲರು. ಇವುಗಳ ನಡುವಣ ಭೇದಗಳಲ್ಲಿ ಹಲವು ಯಾವುದೋ ತರ್ಕದಿಂದ ಹುಟ್ಟಿದವಲ್ಲ, ಇತಿಹಾಸದಿಂದ ಉಳಿದು ಬಂದವು. ಈ ದೃಷ್ಟಿಯಿಂದ ಅವು ನಮ್ಮ ಶಾಸ್ತ್ರಕ್ಕೂ ಪರಕೀಯವಲ್ಲ. ೧೯೬೯ರಲ್ಲಿ ಅಮೆರಿಕೆಯ ಬೆಲ್ ಪ್ರಯೋಗಾಲಯದಲ್ಲಿ ಆರಂಭವಾದ ಯುನಿಕ್ಸ್ ಸಂಪ್ರದಾಯದಲ್ಲಿ ಕಡತದ ವಿಳಾಸವನ್ನು ಬರೆಯುವಾಗ ಫೋಲ್ಡರುಗಳ ನಡುವೆ ಬಲಕ್ಕೆ ವಾಲಿದ ಓರೆಗೆರೆಯನ್ನು ಹಾಕುವರು. ಲಿನಕ್ಸ್ ಈ ಸಂಪ್ರದಾಯವನ್ನು ಅನುಸರಿಸುತ್ತದೆ. ೨೦೦೧ರ ನಂತರದ ಮ್ಯಾಕ್ ವ್ಯವಸ್ಥೆಯೂ ಇದೇ ವಂಶದ್ದು. ೧೯೮೧ರಲ್ಲಿ ಬಂದ ಎಂಎಸ್-ಡಾಸ್‌ನ ಮೊದಲ ಆವೃತ್ತಿಯಲ್ಲಿ ಫೋಲ್ಡರಿನೊಳಗೆ ಫೋಲ್ಡರನ್ನಿಡುವ ಏರ್ಪಾಡೇ ಇರಲಿಲ್ಲ. ೧೯೮೩ರ ಎರಡನೆಯ ಆವೃತ್ತಿಯಲ್ಲಿ ಅದು ಬರುವ ಹೊತ್ತಿಗೆ ಆ ಓರೆಗೆರೆಯು ಆಜ್ಞೆಗಳ ವಿಕಲ್ಪಗಳನ್ನು ಸೂಚಿಸಲು ವಿನಿಯೋಗವಾಗಿ ಹೋಗಿತ್ತು. ಆದುದರಿಂದ ಎಡಕ್ಕೆ ವಾಲಿದ ಗೆರೆಯನ್ನು ಆರಿಸಿಕೊಂಡರು. ವಿಂಡೋಸ್ ಅದನ್ನು ಪಿತ್ರಾರ್ಜಿತವಾಗಿ ಪಡೆಯಿತು. ಸಾಲಿನ ಕೊನೆಯ ಗುರುತಿನ ಕಥೆಯೂ ಇಂಥದೇ. ಬೆರಳಚ್ಚು ಯಂತ್ರದಲ್ಲಿ ಸಾಲು ಮುಗಿದಾಗ ಕಾಗದವನ್ನು ಹೊತ್ತ ಗಾಡಿಯನ್ನು ಮೊದಲಿನ ಸ್ಥಾನಕ್ಕೆ ತಳ್ಳುವುದು, ಕಾಗದವನ್ನು ಒಂದು ಸಾಲು ಮೇಲಕ್ಕೆ ಸರಿಸುವುದು ಎಂಬ ಎರಡು ಕ್ರಿಯೆಗಳಿರುತ್ತವೆ. ವಿಂಡೋಸ್ ಇಂದಿಗೂ ಎರಡಕ್ಕೂ ಒಂದೊಂದು ಗುರುತನ್ನು ಬರೆಯುತ್ತದೆ. ಯುನಿಕ್ಸ್ ವಂಶದವು ಎರಡನೆಯದನ್ನು ಮಾತ್ರ ಬರೆಯುತ್ತವೆ. ವಿಂಡೋಸಿನಲ್ಲಿ ಬರೆದ ಆಜ್ಞಾಕಡತವೊಂದು ಲಿನಕ್ಸಿಗೆ ಹೋದಾಗ, ಮೊದಲ ಸಾಲಿನ ಕೊನೆಗೆ ಕಣ್ಣಿಗೆ ಕಾಣದ ಆ ಹೆಚ್ಚಿನ ಗುರುತು ಅಂಟಿಕೊಂಡಿದ್ದು, ಇಂಥ ಹೆಸರಿನ ಪ್ರೋಗ್ರಾಮೇ ಇಲ್ಲವೆಂದು ಯಂತ್ರವು ಮೊಂಡುತನ ಮಾಡುವುದುಂಟು.

ಇನ್ನು ಸ್ಥಾಪನೆಯೆಂದರೇನು? ಬಳಕೆದಾರನು ಒಂದೇ ಆಜ್ಞೆಯನ್ನು ಕೊಡುತ್ತಾನೆ. ಆದರೆ ಅದರ ಹಿಂದೆ ಮಾಡ್ಯೂಲನ್ನು ಭಂಡಾರದಿಂದ ತರುವುದು, ಅದು ನೆಚ್ಚಿಕೊಂಡಿರುವ ಇತರ ಮಾಡ್ಯೂಲುಗಳನ್ನು ಹುಡುಕಿ ತರುವುದು, ಬೇಕಾದಲ್ಲಿ ಆಕರಪಾಠವನ್ನು ಯಂತ್ರಭಾಷೆಗೆ ಪರಿವರ್ತಿಸುವುದು, ಕೊನೆಗೆ ಕಡತಗಳನ್ನು ಸರಿಯಾದ ಸ್ಥಳಗಳಲ್ಲಿಡುವುದು ಎಂಬ ಸರಣಿ ಇದೆ. ಮಾಡ್ಯೂಲಿನ ಕರ್ತೃವು ತನ್ನ ಸ್ವಂತ ಯಂತ್ರದಲ್ಲಿ ಸಹಜವೆಂದು ಭಾವಿಸಿ ಹೇಳದೆ ಬಿಟ್ಟದ್ದೆಲ್ಲವೂ ಈ ಸರಣಿಯ ಯಾವುದಾದರೊಂದು ಹಂತದಲ್ಲಿ ಅನ್ಯರ ಯಂತ್ರದಲ್ಲಿ ತಲೆದೋರುತ್ತದೆ.

ನಮ್ಮ ಪ್ರಸಂಗವನ್ನು ಈಗ ಹೇಳಬಹುದು. ಮಾಡ್ಯೂಲನ್ನು ನಾವು ವಿಭಾಗದ ಒಂದು ಲಿನಕ್ಸ್ ಯಂತ್ರದಲ್ಲಿ ಬರೆದು, ಅದೇ ಯಂತ್ರದಲ್ಲಿ ಪರೀಕ್ಷಿಸಿ, ಸರಿಯಾಗಿದೆಯೆಂದು ವಿದ್ಯಾರ್ಥಿಗಳಿಗೆ ಹಂಚಿದೆವು. ಇಳಕಲ್ಲಿನಿಂದ ಬರುವ ಒಬ್ಬ ವಿದ್ಯಾರ್ಥಿನಿಯು ತನ್ನ ಮನೆಯ ವಿಂಡೋಸ್ ಯಂತ್ರದಲ್ಲಿ ಸ್ಥಾಪಿಸಲು ಹೋದಾಗ, ೧೪೪ ಎಂಬ ಸಂಖ್ಯೆಯ ಬೈಟನ್ನು ಓದಲಾಗದೆಂಬ ಸಂದೇಶವು ಬಂದು ಕೆಲಸವು ಅಲ್ಲಿಗೇ ನಿಂತಿತು. (ಯಂತ್ರವು ಇದನ್ನು ಹದಿನಾರರ ಮಾನದಲ್ಲಿ ಬರೆದಿತ್ತು, ನಾವಿಲ್ಲಿ ದಶಮಾನಕ್ಕೆ ತಂದಿದ್ದೇವೆ.) ಊರುಗಳ ಪಟ್ಟಿಯು ಅಕಾರಾದಿಯಾಗಿದ್ದು, ಅದರ ಮೊದಲ ಹೆಸರು ಐಹೊಳೆ. ಆ ಹೆಸರಿನ ಮೊದಲಕ್ಷರವನ್ನೇ ದಾಟಲು ಯಂತ್ರಕ್ಕೆ ಸಾಧ್ಯವಾಗಿರಲಿಲ್ಲ.

ಇದರ ಕಾರಣವು ಗಮನಾರ್ಹವಾದುದು. ಯೂನಿಕೋಡ್ ಎಂಬ ಜಾಗತಿಕ ಸಂಕೇತವ್ಯವಸ್ಥೆಯ ಮೊದಲ ಆವೃತ್ತಿ ಪ್ರಕಟವಾದದ್ದು ೧೯೯೧ರಲ್ಲಿ. ಅದರಲ್ಲಿಯೇ ಕನ್ನಡಕ್ಕೆ ೧೨೮ ಸ್ಥಾನಗಳ ಒಂದು ವಿಭಾಗ ಮೀಸಲಾಯಿತು. ಯುಟಿಎಫ್-೮ ಎಂಬ ಲೇಖನಕ್ರಮದಲ್ಲಿ ಕನ್ನಡದ ಪ್ರತಿಯೊಂದು ಘಟಕವನ್ನು ಮೂರು ಬೈಟುಗಳಿಂದ ಬರೆಯುವರು. ಐ ಎಂಬ ಅಕ್ಷರವು ೨೨೪, ೧೭೮, ೧೪೪ ಎಂಬ ಮೂರು ಸಂಖ್ಯೆಗಳಾಗುತ್ತದೆ. ಬ ಎಂಬುದು ೨೨೪, ೧೭೮, ೧೭೨ ಆಗುತ್ತದೆ. ಲಿನಕ್ಸಿನಲ್ಲಿ ಪೈಥಾನ್ ಭಾಷೆಯು ಯಾವುದೇ ಕಡತವನ್ನು ಬೇರೆ ಸೂಚನೆಯಿಲ್ಲದಿದ್ದಲ್ಲಿ ಸಾಮಾನ್ಯವಾಗಿ ಯುಟಿಎಫ್-೮ ಎಂದೇ ಓದುತ್ತದೆ. ವಿಂಡೋಸಿನಲ್ಲಿಯಾದರೋ, ಆ ಯಂತ್ರದ ಹಳೆಯ ಪ್ರಾದೇಶಿಕ ಸಂಕೇತಕೋಷ್ಟಕದ ಪ್ರಕಾರ ಓದುತ್ತ ಬಂದಿದೆ. ನಮ್ಮ ಕಡೆಯ ಯಂತ್ರಗಳಲ್ಲಿ ಅದು ಸಾಮಾನ್ಯವಾಗಿ ಪಶ್ಚಿಮ ಯೂರೋಪಿನ ಭಾಷೆಗಳಿಗಾಗಿ ರಚಿತವಾದ ೧೨೫೨ ಎಂಬ ಸಂಖ್ಯೆಯ ಕೋಷ್ಟಕ. ಅದರಲ್ಲಿ ೨೫೬ ಮನೆಗಳಿದ್ದು, ೧೨೯, ೧೪೧, ೧೪೩, ೧೪೪, ೧೫೭ ಎಂಬ ಐದು ಮನೆಗಳು ಖಾಲಿ ಇವೆ. ಖಾಲಿ ಮನೆಯ ಸಂಖ್ಯೆಯು ಎದುರಾದೊಡನೆ ಪೈಥಾನ್ ಓದುವುದನ್ನು ನಿಲ್ಲಿಸುತ್ತದೆ.

ಈ ಐದು ಸಂಖ್ಯೆಗಳು ಕನ್ನಡದಲ್ಲಿ ಯಾವುವೆಂದು ಲೆಕ್ಕ ಹಾಕಿ ನೋಡಿದೆವು. ೧೨೯ ಎಂಬುದು ಉಕಾರದ ಗುಣಿತಚಿಹ್ನೆಯ ಕೊನೆಯ ಬೈಟು. ೧೪೧ ಹಲಂತದ್ದು, ಎಂದರೆ ಪ್ರತಿಯೊಂದು ಒತ್ತಕ್ಷರದಲ್ಲಿಯೂ ಅಡಗಿರುವಂಥದ್ದು. ೧೪೩ ಏಕಾರ, ೧೪೪ ಐಕಾರ, ೧೫೭ ಝಕಾರ. ಇದರ ಪರಿಣಾಮವು ವಿಚಿತ್ರವಾಗಿದೆ. ನಮ್ಮ ಸುತ್ತಲಿನ ಊರುಗಳಲ್ಲಿ ಬಾಗಲಕೋಟೆ, ಬಾದಾಮಿ, ನವನಗರ, ಮಹಾಕೂಟ, ಕೂಡಲಸಂಗಮ ಇವುಗಳ ಹೆಸರುಗಳಲ್ಲಿ ಉಕಾರವೂ ಇಲ್ಲ, ಒತ್ತಕ್ಷರವೂ ಇಲ್ಲ. ಅವು ಯಾವ ಆಕ್ಷೇಪಣೆಯೂ ಇಲ್ಲದೆ ಒಳಗೆ ಹೋಗುತ್ತವೆ. ಐಹೊಳೆ, ಪಟ್ಟದಕಲ್ಲು, ಹುನಗುಂದ, ಇಳಕಲ್ ಇವು ಬಾಗಿಲಲ್ಲಿಯೇ ತಡೆಯಲ್ಪಡುತ್ತವೆ. ಬಾದಾಮಿಯೊಂದರ ಹೆಸರನ್ನು ಕೊಟ್ಟು ಪರೀಕ್ಷಿಸಿದವನು ಎಲ್ಲವೂ ಕ್ಷೇಮವೆಂದು ತಿಳಿಯುತ್ತಾನೆ.

ಆದರೆ ಒಳಗೆ ಹೋದ ಬಾದಾಮಿಯು ಬಾದಾಮಿಯಾಗಿ ಉಳಿಯಲಿಲ್ಲವೆಂಬುದೇ ಮುಖ್ಯವಾದ ಅಂಶ. ಆ ಹೆಸರಿನ ಆರು ಘಟಕಗಳು ಹದಿನೆಂಟು ಬೈಟುಗಳಾಗಿ, ಯೂರೋಪಿನ ಕೋಷ್ಟಕದ ಪ್ರಕಾರ ಹದಿನೆಂಟು ಬಿಡಿ ಗುರುತುಗಳಾದವು: ಮೇಲೆ ಸ್ವರಾಘಾತವುಳ್ಳ ರೋಮನ್ ಎ, ಘಾತಸ್ಥಾನದಲ್ಲಿ ಬರೆದ ಎರಡು, ಮುಕ್ಕಾಲೆಂಬ ಭಿನ್ನರಾಶಿ, ತಲೆಕೆಳಗಾದ ಪ್ರಶ್ನಚಿಹ್ನೆ ಮುಂತಾಗಿ. ನಮ್ಮ ವಿದ್ಯಾರ್ಥಿನಿಯು ಯಾರದೋ ಸಲಹೆಯಂತೆ, ಓದಲಾಗದ ಬೈಟುಗಳನ್ನು ಬಿಟ್ಟು ಮುಂದೆ ಸಾಗೆಂಬ ಒಂದು ವಿಕಲ್ಪವನ್ನು ಸೇರಿಸಿ ಸ್ಥಾಪನೆಯನ್ನು ಮುಗಿಸಿದ್ದಳು. ಸ್ಥಾಪನೆ ಯಶಸ್ವಿಯಾಯಿತೆಂಬ ಸಂದೇಶವೂ ಬಂದಿತ್ತು. ಅನಂತರ ತನ್ನ ಪ್ರಬಂಧಕ್ಕಾಗಿ ಬಾದಾಮಿಯ ಶಾಸನಗಳನ್ನು ಎಣಿಸಿಕೊಡೆಂದು ಕೇಳಿದಾಗ, ಅವಳು ಬರೆದ ಬಾದಾಮಿಗೂ ಪಟ್ಟಿಯೊಳಗಿನ ಆ ಹದಿನೆಂಟು ಗುರುತುಗಳಿಗೂ ಹೊಂದಿಕೆಯಾಗದೆ ಸೊನ್ನೆಯೆಂಬ ಉತ್ತರ ಬಂದಿತು. ಬಾದಾಮಿಯೆಂಬ ಪ್ರಸಿದ್ಧ ಸ್ಥಳವಾದುದರಿಂದ ಅವಳು ನಕ್ಕು ನಮ್ಮ ಬಳಿಗೆ ತಂದಳು. ಒಂದೆರಡು ವೀರಗಲ್ಲುಗಳಿರುವ ಯಾವುದೋ ಚಿಕ್ಕ ಹಳ್ಳಿಯಾಗಿದ್ದಲ್ಲಿ ಆ ಸೊನ್ನೆಯು ಪ್ರಬಂಧದ ಕೋಷ್ಟಕದಲ್ಲಿ ಸೇರಿ, ಅಲ್ಲಿಂದ ಇನ್ನೊಬ್ಬರ ಗ್ರಂಥಕ್ಕೆ ಹೋಗಿ ಪ್ರಮಾಣವಾಗಿ ನಿಲ್ಲುತ್ತಿತ್ತು. ಐಹೊಳೆಯ ಬಳಿ ಗದ್ದಲ ಮಾಡಿ ನಿಂತ ಯಂತ್ರವು ಉಪಕಾರವನ್ನೇ ಮಾಡಿತ್ತು. ಸದ್ದಿಲ್ಲದೆ ಮುಂದೆ ಸಾಗಿದ ಯಂತ್ರವೇ ಅಪಾಯಕಾರಿ ಎಂದು ನಮ್ಮ ಅಭಿಪ್ರಾಯ. ಈ ಪ್ರಸಂಗದಲ್ಲಿ ತಪ್ಪು ವಿದ್ಯಾರ್ಥಿನಿಯದಲ್ಲ, ವಿಂಡೋಸಿನದೂ ಅಲ್ಲ. ಕಡತವು ಯಾವ ಲೇಖನಕ್ರಮದಲ್ಲಿದೆಯೆಂಬುದನ್ನು ನಾವು ಹೇಳಿರಲಿಲ್ಲ. ಅದನ್ನು ಹೇಳುವುದಕ್ಕೆ ಒಂದು ಚಿಕ್ಕ ನುಡಿಗಟ್ಟು ಸಾಕಾಗುತ್ತಿತ್ತು. ೩.೧೫ನೆಯ ಆವೃತ್ತಿಯಿಂದ ಎಲ್ಲ ವ್ಯವಸ್ಥೆಗಳಲ್ಲಿಯೂ ಯುಟಿಎಫ್-೮ ಅನ್ನೇ ಸಹಜವೆಂದು ಭಾವಿಸಬೇಕೆಂದು ಪೈಥಾನಿನ ನಿರ್ಮಾಪಕರು ನಿರ್ಣಯಿಸಿದ್ದಾರೆ. ಹಳೆಯ ಆವೃತ್ತಿಗಳು ನಮ್ಮ ಕಾಲೇಜುಗಳಲ್ಲಿ ಇನ್ನೂ ಬಹುಕಾಲ ಉಳಿಯುವುದರಿಂದ ನುಡಿಗಟ್ಟನ್ನು ಬರೆಯುವುದು ಇನ್ನೂ ಅಗತ್ಯವೇ ಸರಿ.

ಕನ್ನಡಿಗರಿಗೆ ಈ ವ್ಯಾಧಿ ಹೊಸದಲ್ಲವೆಂಬುದನ್ನು ಇಲ್ಲಿಯೇ ಹೇಳಬೇಕು. ಯೂನಿಕೋಡ್ ಬಳಕೆಗೆ ಬರುವುದಕ್ಕೆ ಮುಂಚಿನ ಅಕ್ಷರಶೈಲಿಗಳಲ್ಲಿ ರೋಮನ್ ಅಕ್ಷರಗಳ ಸ್ಥಾನಗಳಲ್ಲಿಯೇ ಕನ್ನಡದ ಆಕೃತಿಗಳನ್ನು ಕೂರಿಸುತ್ತಿದ್ದರು. ೧೯೯೮ರಲ್ಲಿ ಬಂದ ಶೇಷಾದ್ರಿವಾಸು ಅವರ ಬರಹ, ಕನ್ನಡ ಗಣಕ ಪರಿಷತ್ತಿನ ನುಡಿ ಇವುಗಳಿಂದ ಕನ್ನಡವು ಸಾಮಾನ್ಯರ ಗಣಕಯಂತ್ರಕ್ಕೆ ಬಂದದ್ದು ದೊಡ್ಡ ಉಪಕಾರ. ಆದರೆ ಆ ಕಾಲದ ಅಕ್ಷರಶೈಲಿಯಲ್ಲಿ ಬರೆದ ಪ್ರಬಂಧವನ್ನು ಆ ಶೈಲಿಯಿಲ್ಲದ ಯಂತ್ರದಲ್ಲಿ ತೆರೆದಾಗ ರೋಮನ್ ಅಕ್ಷರಗಳ ಅರ್ಥಹೀನ ಸಾಲುಗಳು ಕಾಣುವುದನ್ನು ನಮ್ಮ ಪೀಳಿಗೆಯ ಅಧ್ಯಾಪಕರೆಲ್ಲರೂ ಬಲ್ಲರು. ಪಾಠದ ಅರ್ಥವು ಪಾಠದಲ್ಲಿರದೆ, ಬರೆದವನ ಯಂತ್ರದಲ್ಲಿದ್ದಿತು.

ಬಾಗಲಕೋಟೆಯವರಿಗೆ ಸ್ವಾನುಭವದಿಂದ ತಿಳಿಯಬಹುದಾದ ಇನ್ನೊಂದು ದೋಷವಿದೆ. ಆಲಮಟ್ಟಿ ಜಲಾಶಯದ ಹಿನ್ನೀರಿನಲ್ಲಿ ಹಳೆಯ ಊರಿನ ಭಾಗಗಳು ಮುಳುಗಡೆಯಾಗಿ ಜನರು ನವನಗರಕ್ಕೆ ಬಂದಾಗ, ಇಂಥ ಗುಡಿಯ ಹಿಂದಿನ ಓಣಿ, ಇಂಥವರ ವಾಡೆಯ ಎದುರು ಎಂಬ ವಿಳಾಸಗಳು ನಿರರ್ಥಕವಾಗಿ, ಸೆಕ್ಟರಿನ ಸಂಖ್ಯೆ, ನಿವೇಶನದ ಸಂಖ್ಯೆ ಎಂಬ ಹೊಸ ಕ್ರಮವು ಬಂದಿತು. ನಮ್ಮ ಮಾಡ್ಯೂಲಿನ ಮೊದಲ ಆವೃತ್ತಿಯಲ್ಲಿ ಪಟ್ಟಿಯ ಕಡತವು ಇಂಥ ಫೋಲ್ಡರಿನ ಒಳಗೆ, ಇಂಥವರ ಹೆಸರಿನ ಫೋಲ್ಡರಿನಲ್ಲಿದೆ ಎಂದು ನಮ್ಮ ಯಂತ್ರದ ಪೂರ್ಣ ವಿಳಾಸವನ್ನೇ ಬರೆದಿದ್ದೆವು. ಬೇರೆ ಯಂತ್ರದಲ್ಲಿ ಆ ಓಣಿಯೇ ಇಲ್ಲ. ಕಡತವು ಮಾಡ್ಯೂಲಿನ ಪಕ್ಕದಲ್ಲಿಯೇ ಇದೆ, ಮಾಡ್ಯೂಲು ಎಲ್ಲಿರುವುದೋ ಅಲ್ಲಿಯೇ ಹುಡುಕು ಎಂದು ಸಾಪೇಕ್ಷವಾಗಿ ಹೇಳಬೇಕಾಗಿತ್ತು. ಓರೆಗೆರೆಯನ್ನೂ ಕೈಯಿಂದ ಬರೆಯದೆ, ಆಯಾ ವ್ಯವಸ್ಥೆಗೆ ತಕ್ಕ ಗೆರೆಯನ್ನು ತಾನೇ ಹಾಕುವ ಸಾಧನವನ್ನು ಬಳಸುವುದು ಕ್ಷೇಮ. ಬಳಕೆದಾರನ ಫೋಲ್ಡರಿನ ಹೆಸರಿನಲ್ಲಿ ಎರಡು ಪದಗಳ ನಡುವೆ ಖಾಲಿ ಸ್ಥಳವಿರುವುದು ಕೂಡ ಎಚ್ಚರವಿಲ್ಲದ ಪ್ರೋಗ್ರಾಮನ್ನು ಕೆಡವುತ್ತದೆ.

ಹೆಸರುಗಳ ವಿಷಯದಲ್ಲಿ ಮತ್ತೆರಡು ಮಾತು. ರೋಮನ್ ಲಿಪಿಯ ದೊಡ್ಡಕ್ಷರ, ಚಿಕ್ಕಕ್ಷರಗಳನ್ನು ಲಿನಕ್ಸ್ ಬೇರೆ ಬೇರೆಯೆಂದು ಎಣಿಸುತ್ತದೆ. ವಿಂಡೋಸ್ ಎಣಿಸುವುದಿಲ್ಲ, ಮ್ಯಾಕ್ ಕೂಡ ಸಹಜಸ್ಥಿತಿಯಲ್ಲಿ ಎಣಿಸುವುದಿಲ್ಲ. ಆದುದರಿಂದ ಮನೆಯ ಯಂತ್ರದಲ್ಲಿ ನಡೆದದ್ದು ಕಾಲೇಜಿನ ಲಿನಕ್ಸಿನಲ್ಲಿ ಕಡತವೇ ಇಲ್ಲವೆಂದು ನಿಲ್ಲುವುದು. ಈ ಭೇದವೇ ಇಲ್ಲದ ಲಿಪಿಯಲ್ಲಿ ಓದು ಕಲಿತ ನಮ್ಮ ಮಕ್ಕಳ ಕಣ್ಣಿಗೆ ಇದು ಬೇಗನೆ ಬೀಳುವುದಿಲ್ಲ. ಕಡತಗಳಿಗೆ ಕನ್ನಡದಲ್ಲಿಯೇ ಹೆಸರಿಡೋಣವೆಂದರೆ ಇನ್ನೊಂದು ತೊಡಕು ಬರುತ್ತದೆ. ಬಾಗಲಕೋಟೆ ಎಂಬಲ್ಲಿಯ ಓಕಾರದ ಚಿಹ್ನೆಯನ್ನು ಯೂನಿಕೋಡಿನಲ್ಲಿ ಒಂದೇ ಘಟಕವಾಗಿಯೂ ಬರೆಯಬಹುದು, ಎಕಾರ, ಊಕಾರ, ದೀರ್ಘ ಎಂಬ ಮೂರು ಘಟಕಗಳಾಗಿ ಬಿಡಿಸಿಯೂ ಬರೆಯಬಹುದು. ಹಿಂದಿನ ಮ್ಯಾಕ್ ಯಂತ್ರಗಳ ಕಡತವ್ಯವಸ್ಥೆಯು ಹೆಸರುಗಳನ್ನು ಬಿಡಿಸಿಯೇ ಇಡುತ್ತಿತ್ತು. ಲಿನಕ್ಸ್ ಕೊಟ್ಟದ್ದನ್ನು ಕೊಟ್ಟಂತೆ ಇಡುತ್ತದೆ. ಕಣ್ಣಿಗೆ ಎರಡೂ ಒಂದೇ, ಯಂತ್ರಕ್ಕೆ ಬೇರೆ ಬೇರೆ. ವಿಂಡೋಸಿನಲ್ಲಿ ರೋಮನ್ ಲಿಪಿಯಲ್ಲಿ ಕಾನ್, ಆಕ್ಸ್, ನಲ್ ಎಂಬ ಹೆಸರುಗಳನ್ನು ಯಾವ ಕಡತಕ್ಕೂ ಇಡುವಂತಿಲ್ಲ; ಅವು ಹಳೆಯ ಡಾಸ್ ಕಾಲದಲ್ಲಿ ಉಪಕರಣಗಳಿಗೆ ಕೊಟ್ಟ ಹೆಸರುಗಳು. ಸತ್ತ ರಾಜವಂಶಗಳ ಬಿರುದುಗಳು ಹೀಗೆ ಉಳಿಯುವುದನ್ನು ಇತಿಹಾಸದಲ್ಲಿ ಕಂಡಿದ್ದೇವೆ.

ಮೇಲಿನವೆಲ್ಲ ಬರೆಹಕ್ಕೆ ಸಂಬಂಧಿಸಿದವು. ಯಂತ್ರಭಾಷೆಗೆ ಸಂಬಂಧಿಸಿದ ತೊಡಕು ಇವುಗಳಿಗಿಂತ ಗಾಢವಾದುದು. ವೇಗಕ್ಕಾಗಿ ಕೆಲವು ಮಾಡ್ಯೂಲುಗಳ ಭಾಗಗಳನ್ನು ಸಿ ಭಾಷೆಯಲ್ಲಿ ಬರೆದಿರುತ್ತಾರೆ. ಅವನ್ನು ಕಂಪೈಲರ್ ಎಂಬ ಪರಿವರ್ತಕದಿಂದ ಆಯಾ ಯಂತ್ರದ ಭಾಷೆಗೆ ತರಬೇಕು. ಲಿನಕ್ಸಿನಲ್ಲಿ ಕಂಪೈಲರನ್ನು ಪಡೆಯುವುದು ಸುಲಭ. ವಿಂಡೋಸಿನೊಡನೆ ಅದು ಬರುವುದೇ ಇಲ್ಲ. ಪರಿವರ್ತಿಸಿದ ರೂಪವನ್ನೇ ಹಂಚೋಣವೆಂದರೆ, ಒಂದು ವ್ಯವಸ್ಥೆಗೆ ಸಿದ್ಧಪಡಿಸಿದ್ದು ಇನ್ನೊಂದಕ್ಕೆ ಸಲ್ಲದು. ಇಳಕಲ್ ಸೀರೆಯಲ್ಲಿ ಮೈಯ ಹಾಸನ್ನೂ ಸೆರಗಿನ ಹಾಸನ್ನೂ ಬೇರೆ ಬೇರೆಯಾಗಿ ಸಿದ್ಧಪಡಿಸಿ, ಎಳೆಗೆ ಎಳೆಯನ್ನು ಕೊಂಡಿ ಹಾಕಿ ಕೂಡಿಸುವರು. ಎರಡು ಕಡೆಯ ಎಳೆಗಳು ಸಮನಾಗಿರಬೇಕು. ಮಾಡ್ಯೂಲಿನ ಯಂತ್ರರೂಪಕ್ಕೂ ವ್ಯವಸ್ಥೆಯ ಮೂಲ ಗ್ರಂಥಾಲಯಕ್ಕೂ ಇರುವ ಸಂಬಂಧವು ಇಂಥದು. ಹೊಸ ಲಿನಕ್ಸಿನಲ್ಲಿ ಪರಿವರ್ತಿಸಿದ್ದು ಹಳೆಯ ಲಿನಕ್ಸಿನಲ್ಲಿ ಕೊಂಡಿ ಸಿಗದೆ ನಿಲ್ಲುವುದೂ ಇದೇ ಕಾರಣದಿಂದ.

ಈ ಸಮಸ್ಯೆಯನ್ನು ಮೊದಲು ಸಾಮೂಹಿಕವಾಗಿ ಎದುರಿಸಿದವರು ಪರ್ಲ್ ಭಾಷೆಯವರೆಂದು ಹೇಳಿದರೆ ತಪ್ಪಾಗಲಾರದು. ಲ್ಯಾರಿ ವಾಲ್ ಎಂಬವರು ೧೯೮೭ರಲ್ಲಿ ಪ್ರಕಟಿಸಿದ ಆ ಭಾಷೆಗೆ ೧೯೯೫ರಲ್ಲಿ ಸೀಪ್ಯಾನ್ ಎಂಬ ಸಾರ್ವಜನಿಕ ಭಂಡಾರವು ಏರ್ಪಟ್ಟಿತು. ಯಾರು ಬೇಕಾದರೂ ತಮ್ಮ ಮಾಡ್ಯೂಲನ್ನು ಅಲ್ಲಿಡಬಹುದು. ೧೯೯೮ರಿಂದ ಇದರ ಜೊತೆಗೆ ಪರೀಕ್ಷಕರ ಒಂದು ಬಳಗವು ಸೇರಿಕೊಂಡಿತು. ಭಂಡಾರಕ್ಕೆ ಬಂದ ಪ್ರತಿಯೊಂದು ಮಾಡ್ಯೂಲನ್ನೂ ಸ್ವಯಂಸೇವಕರು ತಮ್ಮ ತಮ್ಮ ಯಂತ್ರಗಳಲ್ಲಿ ಸ್ಥಾಪಿಸಿ, ಅದರೊಡನೆ ಕರ್ತೃವೇ ಕೊಟ್ಟ ಪರೀಕ್ಷೆಗಳನ್ನು ನಡೆಸಿ, ತೇರ್ಗಡೆಯೋ ನಪಾಸೋ ಎಂಬುದನ್ನು ವ್ಯವಸ್ಥೆಯ ಹೆಸರು, ಆವೃತ್ತಿಗಳೊಡನೆ ಬಹಿರಂಗವಾಗಿ ದಾಖಲಿಸುವರು. ಕರ್ತೃವು ಎಂದೂ ಕಂಡಿರದ ಯಂತ್ರಗಳಿಂದ ವರದಿಗಳು ಅವನ ಬಳಿಗೆ ಬರುತ್ತವೆ. ಶಾಸನದ ಅಚ್ಚುಪ್ರತಿಯನ್ನು ಒಬ್ಬನೇ ಓದಿ ತೀರ್ಮಾನಿಸದೆ, ಸಂಶಯಿತ ಅಕ್ಷರಗಳನ್ನು ಗುರುತಿಸಿ ಪ್ರಕಟಿಸಿ ಇತರ ವಿದ್ವಾಂಸರ ಓದಿಗೆ ಒಪ್ಪಿಸುವ ಪದ್ಧತಿಯನ್ನು ಬಲ್ಲವರಿಗೆ ಇದರ ಮಹತ್ವವನ್ನು ವಿವರಿಸಬೇಕಾಗಿಲ್ಲ. ಕಂಪೈಲರಿಲ್ಲದ ವಿಂಡೋಸಿನ ತೊಂದರೆಗೂ ಅವರಲ್ಲಿಯೇ ಒಂದು ಪರಿಹಾರ ದೊರೆಯಿತು: ೨೦೦೬ರಲ್ಲಿ ಆ್ಯಡಂ ಕೆನಡಿ ಎಂಬವರು ಸ್ಟ್ರಾಬೆರಿ ಪರ್ಲ್ ಎಂಬ ಹೆಸರಿನಲ್ಲಿ ಭಾಷೆಯೊಡನೆ ಕಂಪೈಲರನ್ನೂ ಕೂಡಿಸಿ ಕೊಟ್ಟರು.

ಪೈಥಾನಿನವರು ಬೇರೊಂದು ದಾರಿಯನ್ನು ಹಿಡಿದರು. ಅವರ ಹಳೆಯ ಕ್ರಮದಲ್ಲಿ ಸ್ಥಾಪನೆಯೆಂದರೆ ಕರ್ತೃವು ಬರೆದ ಒಂದು ಪ್ರೋಗ್ರಾಮನ್ನು ಬಳಕೆದಾರನ ಯಂತ್ರದಲ್ಲಿ ನಡೆಸುವುದೇ ಆಗಿತ್ತು. ನಮ್ಮ ಐಹೊಳೆಯ ಅಪಘಾತವು ಸಂಭವಿಸಿದ್ದು ಅಂಥ ಪ್ರೋಗ್ರಾಮಿನಲ್ಲಿಯೇ. ೨೦೧೨ರಲ್ಲಿ ಸೂಚಿತವಾದ ವೀಲ್ ಎಂಬ ಕಟ್ಟಿನ ಕ್ರಮದಲ್ಲಿಯಾದರೋ ಪರಿವರ್ತನೆಯ ಕೆಲಸವೆಲ್ಲವೂ ಕರ್ತೃವಿನ ಕಡೆಯಲ್ಲಿಯೇ ಮುಗಿದಿರುತ್ತದೆ. ಬಳಕೆದಾರನ ಯಂತ್ರವು ಕಟ್ಟನ್ನು ಬಿಚ್ಚಿ ಕಡತಗಳನ್ನು ಇಟ್ಟರೆ ಸಾಕು. ಯಾವ ವ್ಯವಸ್ಥೆ, ಯಾವ ಸಂಸ್ಕಾರಕ, ಪೈಥಾನಿನ ಯಾವ ಆವೃತ್ತಿ ಎಂಬುದನ್ನು ಕಟ್ಟಿನ ಹೆಸರಿನಲ್ಲಿಯೇ ಬರೆದಿರುವರು. ಲಿನಕ್ಸಿನ ನಾನಾ ಪ್ರಭೇದಗಳಿಗೆ ಒಂದೇ ಕಟ್ಟು ಸಲ್ಲುವಂತೆ ೨೦೧೬ರಲ್ಲಿ ಇನ್ನೊಂದು ಒಪ್ಪಂದವಾಯಿತು. ಅದರ ತಂತ್ರ ಸರಳವಾದುದು: ಬೇಕೆಂದೇ ಹಳೆಯದಾದ ಸೆಂಟ್‌ಓಎಸ್ ೫ ಎಂಬ ವ್ಯವಸ್ಥೆಯಲ್ಲಿ ಪರಿವರ್ತಿಸಿದರೆ, ಅದಕ್ಕಿಂತ ಹೊಸದಾದ ಬಹುತೇಕ ಲಿನಕ್ಸುಗಳು ಅದನ್ನು ಒಪ್ಪಿಕೊಳ್ಳುತ್ತವೆ. ಅದೇ ವರ್ಷ, ಮಾಡ್ಯೂಲಿನ ಬೇಡಿಕೆಗಳನ್ನು ಪ್ರೋಗ್ರಾಮಿನ ರೂಪದಲ್ಲಲ್ಲದೆ ಬರಿಯ ಘೋಷಣೆಯ ರೂಪದಲ್ಲಿ ಬರೆದಿಡುವ ಒಂದು ಕಡತವೂ ರೂಢಿಗೆ ಬರತೊಡಗಿತು. ಘೋಷಣೆಯು ಎಲ್ಲ ಯಂತ್ರದಲ್ಲಿಯೂ ಒಂದೇ ಬಗೆಯಾಗಿ ಓದಲ್ಪಡುತ್ತದೆ. ಪರ್ಲಿನವರ ಪರೀಕ್ಷಕ ಬಳಗ, ಪೈಥಾನಿನವರ ಸಿದ್ಧ ಕಟ್ಟು ಇವೆರಡರಲ್ಲಿ ಮೊದಲನೆಯದೇ ಹೆಚ್ಚು ಮೂಲಭೂತವಾದುದೆಂದು ನಮಗೆ ತೋರುತ್ತದೆ. ಏಕೆಂದರೆ ಕಟ್ಟು ಸರಿಯಾಗಿ ಬಿಚ್ಚಿಕೊಂಡಿತೆಂಬುದು ಒಳಗಿನ ಪಟ್ಟಿ ಸರಿಯಾಗಿದೆಯೆಂಬುದಕ್ಕೆ ಪ್ರಮಾಣವಲ್ಲ.

ಈ ತಿಳಿವಳಿಕೆಯಿಂದ ನಮ್ಮ ಮಾಡ್ಯೂಲನ್ನು ತಿದ್ದಿದ ಬಗೆಯನ್ನು ಸಂಕ್ಷೇಪವಾಗಿ ಹೇಳುತ್ತೇವೆ. ಕಡತವನ್ನು ತೆರೆಯುವ ಪ್ರತಿಯೊಂದು ಕಡೆಯಲ್ಲಿಯೂ ಯುಟಿಎಫ್-೮ ಎಂದು ಬರೆದೆವು. ವಿಳಾಸಗಳೆಲ್ಲವನ್ನೂ ಸಾಪೇಕ್ಷವಾಗಿಸಿದೆವು. ಕಡತಗಳಿಗೆ ರೋಮನ್ ಚಿಕ್ಕಕ್ಷರಗಳ ಹೆಸರುಗಳನ್ನಿಟ್ಟು, ಕನ್ನಡವನ್ನು ಕಡತಗಳ ಒಳಗೆ ಮಾತ್ರ ಉಳಿಸಿಕೊಂಡೆವು. ಇದು ಮನಸ್ಸಿಗೆ ಒಪ್ಪುವ ಪರಿಹಾರವಲ್ಲ, ಆದರೆ ಸದ್ಯಕ್ಕೆ ಅದೇ ಸುರಕ್ಷಿತ. ಊರಿನ ಹೆಸರುಗಳನ್ನು ಹೋಲಿಸುವ ಮೊದಲು ಎರಡನ್ನೂ ಯೂನಿಕೋಡಿನ ಒಂದೇ ರೂಪಕ್ಕೆ ತರುವಂತೆ ಮಾಡಿದೆವು. ಪಟ್ಟಿಯಲ್ಲಿಲ್ಲದ ಊರನ್ನು ಕೇಳಿದಾಗ ಸೊನ್ನೆಯೆನ್ನದೆ, ಇಂಥ ಊರು ಪಟ್ಟಿಯಲ್ಲಿಲ್ಲವೆಂದು ಹೇಳುವಂತೆ ಬದಲಾಯಿಸಿದೆವು. ಶಾಸನವಿಲ್ಲವೆಂಬುದಕ್ಕೂ ಗೊತ್ತಿಲ್ಲವೆಂಬುದಕ್ಕೂ ಇರುವ ಅಂತರವನ್ನು ತರಗತಿಯಲ್ಲಿ ಎಷ್ಟೋ ಸಲ ಹೇಳಿದ್ದರೂ ಪ್ರೋಗ್ರಾಮಿನಲ್ಲಿ ಬರೆಯಲು ಮರೆತಿದ್ದೆವು.

ಪರೀಕ್ಷೆಗಾಗಿ ಐದು ಹೆಸರುಗಳನ್ನು ಆರಿಸಿಕೊಂಡೆವು: ಐಹೊಳೆ, ಹುನಗುಂದ, ಪಟ್ಟದಕಲ್ಲು, ಬಾಗಲಕೋಟೆ, ಬಾದಾಮಿ. ಖಾಲಿ ಮನೆಗಳ ತೊಡಕು ಮೊದಲ ಮೂರರಲ್ಲಿಯೂ, ಬಿಡಿಸಿ ಬರೆಯುವ ಗುಣಿತಚಿಹ್ನೆಯ ತೊಡಕು ಮೊದಲನೆಯದರಲ್ಲಿಯೂ ನಾಲ್ಕನೆಯದರಲ್ಲಿಯೂ, ಸದ್ದಿಲ್ಲದೆ ಕೆಡುವ ತೊಡಕು ಕೊನೆಯದರಲ್ಲಿಯೂ ಪ್ರಕಟವಾಗುವುದು. ಐಹೊಳೆಯ ಮೇಗುತಿಯ ಶಾಸನದ ಶಕವರ್ಷ ೫೫೬ ಎಂಬುದು ಕ್ರಿ. ಶ. ೬೩೪-೩೫ ಎಂದು ಬರಬೇಕೆಂಬ ಪರೀಕ್ಷೆಯನ್ನೂ ಸೇರಿಸಿದೆವು. ಮಾಡ್ಯೂಲಿನಲ್ಲಿ ಒಂದಕ್ಷರ ಬದಲಾದರೂ ಈ ಪರೀಕ್ಷೆಗಳು ವಿಂಡೋಸ್, ಲಿನಕ್ಸ್, ಮ್ಯಾಕ್ ಮೂರರಲ್ಲಿಯೂ ತಾವಾಗಿ ನಡೆಯುವಂತೆ ಏರ್ಪಡಿಸಿದೆವು. ಮುಕ್ತ ಮಾಡ್ಯೂಲುಗಳಿಗೆ ಇಂಥ ಪರೀಕ್ಷಾಯಂತ್ರಗಳನ್ನು ಅಂತರ್ಜಾಲದಲ್ಲಿ ಶುಲ್ಕವಿಲ್ಲದೆ ಒದಗಿಸುವ ವ್ಯವಸ್ಥೆಗಳು ಈಗ ಇವೆ.

ಆದರೂ ಎರವಲು ಯಂತ್ರಗಳು ನಮ್ಮ ಕಾಲೇಜುಗಳ ಯಂತ್ರಗಳಲ್ಲ. ಅಲ್ಲಿರುವುದೆಲ್ಲವೂ ಹೊಸದು. ನಮ್ಮ ಕಡೆ ವಿಂಡೋಸ್ ೭ ಇನ್ನೂ ಕೆಲವು ಕೊಠಡಿಗಳಲ್ಲಿ ಉಳಿದಿದೆ. ಆ ವ್ಯವಸ್ಥೆಯಲ್ಲಿ ನಡೆಯುವ ಪೈಥಾನಿನ ಕೊನೆಯ ಆವೃತ್ತಿ ೩.೮. ಅದರ ಮುಂದಿನ ಆವೃತ್ತಿಯಲ್ಲಿ ಬಂದ ಒಂದು ಸೌಲಭ್ಯವನ್ನು ಅರಿವಿಲ್ಲದೆ ಬಳಸಿದ್ದರಿಂದ, ತಿದ್ದಿದ ಮಾಡ್ಯೂಲು ಒಂದು ಕಾಲೇಜಿನಲ್ಲಿ ಮತ್ತೆ ಮುಗ್ಗರಿಸಿತು. ಆ ಸೌಲಭ್ಯವನ್ನು ತೆಗೆದುಹಾಕಿ, ೩.೮ ಅಥವಾ ಅದಕ್ಕಿಂತ ಹೊಸ ಆವೃತ್ತಿ ಬೇಕೆಂದು ಘೋಷಣೆಯಲ್ಲಿ ಬರೆದೆವು. ಹೀಗೆ ಬರೆದಿದ್ದರೆ ಸ್ಥಾಪಕ ಪ್ರೋಗ್ರಾಮು ಆ ಯಂತ್ರಕ್ಕೆ ತಕ್ಕ ಆವೃತ್ತಿಯನ್ನು ತಾನೇ ಆರಿಸಿಕೊಳ್ಳುತ್ತದೆ. ಹಳೆಯ ಯಂತ್ರಗಳನ್ನು ಕೈಬಿಡಬಹುದಲ್ಲವೇ ಎಂದು ಕೇಳಿದವರುಂಟು. ಆ ಕೊಠಡಿಯಲ್ಲಿ ಕುಳಿತು ಕಲಿಯುವವರಿಗೆ ಮನೆಯಲ್ಲಿ ಬೇರೆ ಯಂತ್ರವಿಲ್ಲದಿರುವಾಗ ನಾವು ಹಾಗೆ ಮಾಡಲು ಒಪ್ಪಲಿಲ್ಲ.

ಇಳಕಲ್ಲಿನ ವಿದ್ಯಾರ್ಥಿನಿಯು ತಿದ್ದಿದ ಮಾಡ್ಯೂಲನ್ನು ಅದೇ ವಿಂಡೋಸ್ ಯಂತ್ರದಲ್ಲಿ ಯಾವ ವಿಕಲ್ಪವನ್ನೂ ಸೇರಿಸದೆ ಸ್ಥಾಪಿಸಿ ತನ್ನ ಎಣಿಕೆಯನ್ನು ಮೊದಲಿನಿಂದ ಮಾಡಿದಳು. ಅವಳ ಕೋಷ್ಟಕವೂ ವಿಭಾಗದ ಯಂತ್ರದ ಕೋಷ್ಟಕವೂ ಈಗ ಸಾಲುಸಾಲಾಗಿ ಹೊಂದುತ್ತವೆ. ಹಿಂದಿನ ಮ್ಯಾಕ್ ಯಂತ್ರವೊಂದರಲ್ಲಿ ಪರೀಕ್ಷಿಸುವುದು ಮಾತ್ರ ಉಳಿದಿದೆ. ಇತರ ಕಾಲೇಜುಗಳ ಅಧ್ಯಾಪಕರು ಮಾಡ್ಯೂಲನ್ನು ವಿಭಾಗದಿಂದ ಪಡೆಯಬಹುದು. ಸ್ಥಾಪನೆಯು ಎಲ್ಲಿಯಾದರೂ ನಿಂತಲ್ಲಿ, ಕಾರ್ಯಾಚರಣ ವ್ಯವಸ್ಥೆಯ ಹೆಸರು, ಅದರ ಆವೃತ್ತಿ, ಪೈಥಾನಿನ ಆವೃತ್ತಿ, ಯಂತ್ರವು ತೋರಿಸಿದ ಸಂದೇಶದ ಪೂರ್ಣಪಾಠ ಇವನ್ನು ಒಂದಕ್ಷರವನ್ನೂ ಬಿಡದೆ ಬರೆದು ಕಳುಹಿಸಿದಲ್ಲಿ ಉಪಕಾರವಾಗುವುದು.